ಎಲೆ ಲೆಕ್ಕ

ಮಗಳ ಮದುವೆ ನಿಶ್ಚಯವಾದ ಮನೆಯ ಯಜಮಾನನನ್ನು ಊರಿನಲ್ಲಿ ಯಾರು ಕಂಡರೂ ಕೇಳುವುದು ಒಂದೇ ಮಾತು: ‘ಎಷ್ಟು ಜನ ಆಗ್ಬಹುದು?’ ಛತ್ರದ ಮ್ಯಾನೇಜರು ಕೇಳುತ್ತಾರೆ, ಅಡುಗೆ ಕಾಂಟ್ರಾಕ್ಟರು ಕೇಳುತ್ತಾರೆ, ಪತ್ರಿಕೆ ಅಚ್ಚು ಹಾಕುವವನು ಕೇಳುತ್ತಾನೆ. ತಾಂಬೂಲದ ಚೀಲ ಹೊಲಿಯುವಾಕೆ, ತೆಂಗಿನಕಾಯಿ ಮಂಡಿಯವನು, ಹೂವಿನವನು, ಕೊನೆಗೆ ಛತ್ರದ ಎದುರು ಎಳನೀರು ಮಾರುವವನೂ ಕೇಳುತ್ತಾನೆ. ಮದುವೆಗೆ ಸಂಬಂಧಪಟ್ಟ ಉಳಿದೆಲ್ಲ ಪ್ರಶ್ನೆಗಳಿಗೆ, ಹುಡುಗ ಹೇಗೆ ಎಂಬುದೂ ಸೇರಿದಂತೆ, ಏನಾದರೊಂದು ಉತ್ತರ ಸಿಗುತ್ತದೆ. ಇದೊಂದಕ್ಕೆ ಸಿಗುವುದಿಲ್ಲ.

ನಾನು ಸರ್ಕಾರಿ ಆಡಿಟ್ ಕಚೇರಿಯಲ್ಲಿ ತಲೆಗೂದಲು ಕಳೆದುಕೊಂಡು ನಿವೃತ್ತನಾದವನು. ಬೇರೆಯವರು ದುಡ್ಡು ಖರ್ಚು ಮಾಡಿ ಮುಗಿಸಿದ ಮೇಲೆ ಹೋಗಿ ‘ಇದು ಯಾಕೆ?’ ಎಂದು ಕೇಳುವುದು ನನ್ನ ಕಸುಬು. ಖರ್ಚಾಗುವ ಮುಂಚೆಯೇ ಸ್ಥಳದಲ್ಲಿ ಹಾಜರಿದ್ದ ಅನುಭವ ನನಗೆ ಕಡಿಮೆ. ಆದರೂ ಮಗಳ ಮದುವೆ ಎಂದಾಗ ಹುರುಪಿನಿಂದ ಒಂದು ಎಕ್ಸೆಲ್ ಹಾಳೆ ತೆರೆದೆ. ಎಡಗಡೆ ಮೇಲಿನ ಮೊದಲ ಚೌಕದಲ್ಲಿ ‘ಒಟ್ಟು ಎಲೆ’. ಅಕ್ಕಿಯಿಂದ ಅಡಿಕೆಯವರೆಗೆ ಮಿಕ್ಕ ಚೌಕಗಳೆಲ್ಲ ಆ ಒಂದು ಅಂಕಿಯಿಂದ ಗುಣಿಸಿಕೊಂಡು ತಾವೇ ತುಂಬಿಕೊಳ್ಳುವಂತೆ ಸೂತ್ರ ಹಾಕಿದೆ. ನನ್ನಾಕೆಯನ್ನು ಕರೆದು ತೋರಿಸಿದೆ.

‘ಚೆನ್ನಾಗಿದೆ. ಎಷ್ಟು ಜನ?’ ಎಂದಳು.

‘ಅದನ್ನ ನೀನು ಹೇಳ್ಬೇಕು.’

‘ನಾನು ಹೇಗೆ ಹೇಳ್ಲಿ? ನಿಮ್ಮ ಕಡೆಯವರು ಎಷ್ಟು ಜನ ಅಂತ ನಂಗೇನು ಗೊತ್ತು?’

ನಮ್ಮ ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಕಡೆಯವರು ನನ್ನ ಕಡೆಯೇ ಉಳಿದಿದ್ದಾರೆ ಎಂದು ಅವತ್ತು ತಿಳಿಯಿತು. ಮೊದಲ ಚೌಕ ಖಾಲಿಯಿದ್ದುದರಿಂದ ಕೆಳಗೆ ಅಕ್ಕಿ ಸೊನ್ನೆ, ಬೇಳೆ ಸೊನ್ನೆ, ತುಪ್ಪ ಸೊನ್ನೆ, ಒಟ್ಟು ಖರ್ಚು ಸೊನ್ನೆ. ಇಡೀ ಮದುವೆಯಲ್ಲಿ ನನಗೆ ಅತ್ಯಂತ ನೆಮ್ಮದಿ ಕೊಟ್ಟ ಲೆಕ್ಕ ಅದೇ.

ಮದುವೆ ಮಾಡಹೊರಟವರಿಗೆ ಉಪಯೋಗಕ್ಕೆ ಬರಲಿ ಎಂದು ಕೆಲವು ಸಲಹೆಗಳನ್ನು ಬರೆದಿಡುತ್ತಿದ್ದೇನೆ. ಎಲ್ಲವೂ ಒಳ್ಳೆಯ ಸಲಹೆಗಳೇ. ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲವಾದ್ದರಿಂದ ಇನ್ನೂ ಹೊಸದಾಗಿಯೇ ಇವೆ.

ಜನದ ಲೆಕ್ಕಕ್ಕೆ ಮೊದಲು ದಿನದ ಲೆಕ್ಕ. ವರ್ಷಕ್ಕೆ 365 ದಿನ ಎಂದು ನಾನು ನಂಬಿಕೊಂಡಿದ್ದೆ. ಪುರೋಹಿತರು ಒಂಟಿಕೊಪ್ಪಲ್ ಪಂಚಾಂಗ ಬಿಚ್ಚಿ ಕಳೆಯುತ್ತಾ ಹೋದರು. ಆಷಾಢ ಹೋಯಿತು. ಪಿತೃಪಕ್ಷ ಹೋಯಿತು. ಧನುರ್ಮಾಸ ಹೋಯಿತು. ಗುರುವೋ ಶುಕ್ರನೋ ಸೂರ್ಯನಿಗೆ ತೀರ ಹತ್ತಿರ ಸರಿದು ಕಣ್ಣಿಗೆ ಕಾಣದಂತಾದರೆ ಅದು ಅಸ್ತ. ಆ ದಿನಗಳೂ ಹೋದವು. 2024ರ ಮೇ ತಿಂಗಳಲ್ಲಂತೂ ಇಬ್ಬರೂ ಒಟ್ಟಿಗೇ ರಜೆ ಹಾಕಿ, ಬೇಸಿಗೆಯ ನಡುಮಧ್ಯೆ ಛತ್ರಗಳು ಬಿಕೋ ಎನ್ನುತ್ತಿದ್ದವು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬಿದ್ದು ಆ ತಿಂಗಳೂ ಮುಹೂರ್ತವಿಲ್ಲ. ಉಳಿದ ದಿನಗಳಲ್ಲಿ ಮಂಗಳವಾರ ಬೇಡ, ಹುಡುಗಿಗೆ ತಾರಾಬಲವಿಲ್ಲದ್ದು ಬೇಡ, ಹುಡುಗನ ಕಂಪನಿಯಲ್ಲಿ ರಜೆ ಸಿಗದ್ದು ಬೇಡ. ಕೊನೆಗೆ ಮಾಘದಲ್ಲಿ ಎರಡೋ ಮೂರೋ ದಿನ ಮಿಕ್ಕವು. ನಮಗೆ ಮಿಕ್ಕ ದಿನಗಳೇ ಕರ್ನಾಟಕದ ಮಿಕ್ಕವರಿಗೂ ಮಿಕ್ಕಿದ್ದವು.

ಆದ್ದರಿಂದ ಪುರೋಹಿತರಿಂದ ಒಂದೇ ದಿನ ಬರೆಸಿಕೊಂಡು ಬರಬೇಡಿ. ಎರಡು ಮೂರು ದಿನ ಬರೆಸಿಕೊಂಡು ನೇರ ಛತ್ರಕ್ಕೆ ನಡೆಯಿರಿ. ಅಲ್ಲಿ ಯಾವುದು ಖಾಲಿಯೋ ಅದೇ ಶುಭದಿನ. ಛತ್ರದ ಮ್ಯಾನೇಜರ ಡೈರಿಯ ಮುಂದೆ ಯಾವ ಗ್ರಹದ ಆಟವೂ ನಡೆಯುವುದಿಲ್ಲ. ಇಲ್ಲಿ ನಾನು ಒಂದು ಸೂಕ್ಷ್ಮ ಸೂಚಿಸಿದ್ದೆ: ಮುಹೂರ್ತ ಜಾಸ್ತಿಯಿರುವ ದಿನವನ್ನೇ ಹಿಡಿದರೆ ಜನ ನಾಲ್ಕು ಮದುವೆಗೆ ಹಂಚಿಹೋಗುತ್ತಾರೆ, ಒಂದು ಕಡೆ ತಿಂಡಿ, ಇನ್ನೊಂದು ಕಡೆ ಊಟ, ನಮಗೆ ಎಲೆ ಉಳಿತಾಯ. ನನ್ನಾಕೆ ನನ್ನನ್ನು ನೋಡಿದ ನೋಟದಲ್ಲಿ ಕನ್ಯಾದಾನಕ್ಕೆ ಬೇರೆ ಯಾರಾದರೂ ಸಿಗುತ್ತಾರೆಯೇ ಎಂಬ ಯೋಚನೆ ಇತ್ತು.

ಛತ್ರ ನೋಡಲು ಹೋದಾಗ ಹೆಂಗಸರು ಮಂಟಪ ನೋಡುತ್ತಾರೆ, ಮಕ್ಕಳು ಫೋಟೊ ಎಲ್ಲಿ ಚೆನ್ನಾಗಿ ಬರುತ್ತದೆಂದು ನೋಡುತ್ತಾರೆ. ನೀವು ಊಟದ ಹಾಲ್ ನೋಡಿ. ಒಂದು ಪಂಕ್ತಿಗೆ ಎಷ್ಟು ಎಲೆ ಬೀಳುತ್ತದೆ ಎಂದು ಕುರ್ಚಿ ಎಣಿಸಿ. ಜನ ಕೂತು, ಉಂಡು, ಎದ್ದು, ಎಲೆ ತೆಗೆದು, ಮೇಜು ಒರೆಸಿ, ಮುಂದಿನವರು ಕೂರಬೇಕಾದರೆ ಮುಕ್ಕಾಲು ಗಂಟೆ ಬೇಕು. ಪಂಕ್ತಿಗೆ 200 ಎಲೆ, ಬರುವವರು 800 ಎಂದರೆ ಕೊನೆಯ ಪಂಕ್ತಿಯವರು ಕೈ ತೊಳೆಯುವಾಗ ಮೂರು ಗಂಟೆ ಕಳೆದಿರುತ್ತದೆ. ಆ ಕೊನೆಯ ಪಂಕ್ತಿಯಲ್ಲಿ ಕೂರುವವರು ನೀವೇ. ಪಾಯಸ ಮುಗಿದಿರುತ್ತದೆ.

ಬಾಡಿಗೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಬಾಡಿಗೆಯಲ್ಲಿ ಏನೇನು ಸೇರಿಲ್ಲ ಎಂದು ಕೇಳಿ. ಕರೆಂಟು ಮೀಟರ್ ಪ್ರಕಾರ ಬೇರೆ, ಜನರೇಟರ್ ಗಂಟೆ ಲೆಕ್ಕ ಬೇರೆ, ಗ್ಯಾಸ್ ಸಿಲಿಂಡರ್ ಬೇರೆ, ಕ್ಲೀನಿಂಗ್ ಬೇರೆ, ಕಸ ಸಾಗಿಸುವುದು ಬೇರೆ, ಪಾತ್ರೆ ಒಡೆದರೆ ಬೇರೆ. ಸ್ಟೀಲ್ ಪಾತ್ರೆ ಒಡೆಯುವುದು ಹೇಗೆ ಎಂದು ಕೇಳಿದೆ. ‘ಕಳೆದ್ರೆ ಸಾರ್’ ಎಂದರು. ಒಳಗೆ ಕಾಲಿಡುವ ಮುಂಚೆ ಕರೆಂಟು ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ. ವರಪೂಜೆಯ ಸಂಜೆ ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತಾರೆ, ಮಾರನೆಯ ದಿನ ಎಷ್ಟಕ್ಕೆ ಖಾಲಿ ಮಾಡಬೇಕು ಎಂಬುದನ್ನು ರಸೀದಿಯ ಮೇಲೆಯೇ ಬರೆಸಿ. ಹಿಂದಿನ ಮದುವೆಯವರು ಇನ್ನೂ ಮಂಟಪದ ಹೂ ಬಿಚ್ಚುತ್ತಿರುವಾಗ ನಿಮ್ಮ ಬೀಗರು ಓಲಗದೊಂದಿಗೆ ಬಾಗಿಲಲ್ಲಿ ನಿಲ್ಲಬಾರದು. ಮುಖ್ಯವಾಗಿ, ಕಾಲು ಮಡಚಿ ಕೂರಲಾಗದ ಹಿರಿಯರಿಗೆ ವೆಸ್ಟರ್ನ್ ಕಮೋಡ್ ಇರುವ ರೂಮು ಯಾವ ಮಹಡಿಯಲ್ಲಿದೆ, ಅಲ್ಲಿಗೆ ಲಿಫ್ಟ್ ಹೋಗುತ್ತದೆಯೇ ನೋಡಿ. ಮದುವೆ ಎಷ್ಟು ಚೆನ್ನಾಗಿ ಆಯಿತೆಂದು ಹತ್ತು ವರ್ಷ ಹೇಳುತ್ತಾ ತಿರುಗುವವರು ಆ ಹಿರಿಯರೇ, ಮತ್ತು ಅವರು ಅಲಂಕಾರದ ವಿಷಯ ಹೇಳುವುದಿಲ್ಲ.

ಇಷ್ಟೆಲ್ಲ ಪ್ರಶ್ನೆ ಕೇಳಿದ ಮೇಲೆ ಮ್ಯಾನೇಜರು ಒಂದೇ ಒಂದು ಪ್ರಶ್ನೆ ಕೇಳಿದರು. ಯಾವುದೆಂದು ಹೇಳಬೇಕಾಗಿಲ್ಲ. ‘ನೋಡ್ಬೇಕು’ ಎಂದೆ. ‘ಎಲ್ರೂ ಹಂಗೇ ಅಂತಾರೆ’ ಎಂದು ಅಡ್ವಾನ್ಸ್ ಎಣಿಸಿಕೊಂಡರು.

ಕರೆಯಬೇಕಾದವರ ಪಟ್ಟಿ ಮಾಡಲು ದೊಡ್ಡಮ್ಮನನ್ನು ಕರೆಸಿದೆವು. ಎಂಬತ್ತು ದಾಟಿದ ಹೆಂಗಸು, ಬೆಳಗಿನ ಮಾತ್ರೆ ನುಂಗಿದ್ದು ನೆನಪಿರುವುದಿಲ್ಲ, ಆದರೆ ಯಾರ ಮನೆಯ ಮುಂಜಿಗೆ ನಮ್ಮನ್ನು ಕರೆದಿದ್ದರು, ಯಾರು ಕರೆದಿರಲಿಲ್ಲ ಎಂಬುದೆಲ್ಲ ನಾಲಿಗೆಯ ತುದಿಯಲ್ಲಿದೆ. ಜೊತೆಗೆ ಅತ್ತಿಗೆಯ ಮದುವೆಯ ಕಾಲದ ಮುಯ್ಯಿ ಪುಸ್ತಕವನ್ನೂ ಟ್ರಂಕಿನಿಂದ ತೆಗೆಸಿದರು. ಅದರಲ್ಲಿ ಯಾರು ಹನ್ನೊಂದು ರೂಪಾಯಿ, ಯಾರು ಸ್ಟೀಲ್ ಲೋಟ, ಯಾರು ಬರೀ ಅಕ್ಷತೆ ಎಂಬ ದಾಖಲೆ ಪಕ್ಕಾ. ನನ್ನ ಇಡೀ ಸರ್ವೀಸಿನಲ್ಲಿ ಇಂಥ ಲೆಕ್ಕದ ಪುಸ್ತಕ ಕಂಡಿಲ್ಲ.

‘ಇವರನ್ನ ಕರೀಬೇಕು ಕಣೋ.’

‘ಅವರು ಅಮೆರಿಕದಲ್ಲಿದಾರಲ್ಲ ದೊಡ್ಡಮ್ಮ, ಬರಲ್ಲ.’

‘ಬರಲ್ಲ ಅಂತ ಕರೀದೇ ಇರಕ್ಕಾಗತ್ತಾ? ಕರೀಲಿಲ್ಲ ಅಂದ್ರೆ ಅದಕ್ಕೇ ಬಂದ್ಬಿಡ್ತಾರೆ, ಯಾಕೆ ಕರೀಲಿಲ್ಲ ಅಂತ ಕೇಳಕ್ಕೆ.’

ಎರಡು ದಿನ ಕೂತು ಮಾಡಿದ ಪಟ್ಟಿಯನ್ನು ನಾನು ಆಡಿಟ್ ಪದ್ಧತಿಯಂತೆ ವಿಂಗಡಿಸಿದೆ: ಕರೆದರೂ ಬಾರದವರು, ಕರೆದರೆ ಒಬ್ಬರೇ ಬರುವವರು, ಕರೆದರೆ ಕಾರು ತುಂಬಿಸಿಕೊಂಡು ಬರುವವರು, ಕರೆಯದೆ ಬರುವವರು. ನಾಲ್ಕನೆಯದರ ಕೆಳಗೆ ಹೆಸರು ಬರೆಯುವುದು ಹೇಗೆಂದು ಯೋಚಿಸುತ್ತಿರುವಾಗ ಮಗಳು ಬಂದು ಹಾಳೆ ನೋಡಿದಳು. ‘ಅಪ್ಪ, ನೀನು ಸುಮ್ನೆ ಕೂತ್ಕೋ’ ಎಂದಳು. ಆಮೇಲಿನ ತಿಂಗಳುಗಳಲ್ಲಿ ಬಹಳ ಸಲ ಕೇಳಬೇಕಾಗಿ ಬಂದ ಮಾತಿದು. ಕೂತರೆ ‘ಏನು ಹೀಗೆ ಕೂತ್ಬಿಟ್ರಿ, ಮಗಳ ಮದುವೆ ಇಟ್ಕೊಂಡು?’ ಎಂದು ಅವಳ ಅಮ್ಮ ಎಬ್ಬಿಸುತ್ತಿದ್ದಳು.

ಅಂಕಿಯೊಂದನ್ನು ಎಲ್ಲರೂ ಒಪ್ಪಿಕೊಂಡ ಕಾಲ ನಮ್ಮ ದೇಶದಲ್ಲಿ ಇರಲಿಲ್ಲವೆಂದಲ್ಲ. 2020ರ ಮೇ ತಿಂಗಳಲ್ಲಿ, ಕೊರೊನಾ ಲಾಕ್‌ಡೌನಿನ ನಡುವೆ, ಮದುವೆಗೆ 50 ಜನಕ್ಕಿಂತ ಹೆಚ್ಚು ಸೇರಬಾರದೆಂದು ಕೇಂದ್ರ ಸರ್ಕಾರವೇ ಹೇಳಿತು. ಐವತ್ತು! ಸೀಲು, ಸಹಿ ಸಮೇತ. ನನ್ನ ಷಡ್ಡಕ ಆ ವರ್ಷವೇ ಮಗಳ ಮದುವೆ ಮುಗಿಸಿಕೊಂಡ. ಪಂಚಾಂಗ ನೋಡಿದನೋ ಗೆಜೆಟ್ ನೋಡಿದನೋ ಗೊತ್ತಿಲ್ಲ. ಆಗ ಉಳಿದ ದುಡ್ಡಿನ ವಿಷಯವನ್ನು ಅವನು ಈಗಲೂ ದನಿ ತಗ್ಗಿಸಿ ಹೇಳುತ್ತಾನೆ. ಆದರೆ ಕರೆಯಲಾಗದ ನೂರಾರು ಜನರ ಮನೆಗೆ ಆಮೇಲೆ ಅವನ ಹೆಂಡತಿ ಒಂದೊಂದಾಗಿ ಹೋಗಿ ಸಮಾಧಾನ ಹೇಳಿ ಬರಬೇಕಾಯಿತು. ಅವರಲ್ಲಿ ಕೆಲವರು ಸಮಾಧಾನವಾಗದೆ ಮೊಮ್ಮಗುವಿನ ನಾಮಕರಣಕ್ಕೆ ಎರಡರಷ್ಟಾಗಿ ಬಂದರು.

ಇನ್ನೂ ಸುಲಭದ ದಾರಿಗಳಿವೆ ಎಂದು ನಾನೂ ಒಂದು ಸಂಜೆ ಕಾಫಿಯ ಹೊತ್ತಿನಲ್ಲಿ ಪೀಠಿಕೆ ಹಾಕಿದೆ. ಕುವೆಂಪು ಅವರು ಮಂತ್ರಮಾಂಗಲ್ಯ ಎಂಬ ಸರಳ ವಿವಾಹದ ಕ್ರಮ ಕೊಟ್ಟು, 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಹಾಗೆಯೇ ಮಾಡಿ ತೋರಿಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ, ನೂರಾರು ಜೋಡಿಗೆ ಒಂದೇ ಚಪ್ಪರ. ವಿಶೇಷ ವಿವಾಹ ಕಾಯ್ದೆ ಹಿಡಿದರೆ ಮೂವತ್ತು ದಿನದ ನೋಟಿಸು, ಮೂವರು ಸಾಕ್ಷಿ, ಒಂದು ಸಹಿ. ಊಟಕ್ಕೆ ಎದುರಿನ ಹೋಟೆಲು. ನನ್ನಾಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ‘ಕುವೆಂಪು ದೊಡ್ಡವರು, ಮಾಡಿದ್ರು. ಅವರ ಮನೇಲಿ ನಿಮ್ಮ ದೊಡ್ಡಮ್ಮ ಇರ್ಲಿಲ್ಲ’ ಎಂದು ಲೋಟ ಎತ್ತಿಕೊಂಡು ಹೋದಳು.

ಬೀಗರು ಧಾರವಾಡದವರು. ಬಹಳ ಒಳ್ಳೆಯ ಜನ. ವರದಕ್ಷಿಣೆ, ವರೋಪಚಾರ ಏನೂ ಬೇಡ, ಹುಡುಗಿ ಕೊಡಿ ಸಾಕು ಎಂದವರು. ನನಗೆ ಬೇಕಾಗಿದ್ದದ್ದು ಅವರಿಂದ ಒಂದು ಅಂಕಿ ಮಾತ್ರ. ಫೋನ್ ಮಾಡಿದೆ.

‘ಏನ್ ಭಾಳ ಮಂದಿ ಇಲ್ಲ ಬಿಡ್ರಿ ಬೀಗರ. ನಮ್ಮ ಮನಿ ಮಂದಿ ಅಷ್ಟ. ನೀವೇನೂ ತ್ರಾಸ ತಗೋಬ್ಯಾಡ್ರಿ.’

‘ಅಂದಾಜು ಎಷ್ಟು ಅಂತ ಹೇಳಿದ್ರೆ...’

‘ಅಂದಾಜ ಏನ್ರೀ ಅದಕ್ಕ, ಬಂದಷ್ಟ ಬರ್ತಾರ.’

ನಾನು ಉಪಾಯ ಹೂಡಿದೆ. ಹುಬ್ಬಳ್ಳಿಯಿಂದ ಮೈಸೂರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆಯಲ್ಲ, ರಿಸರ್ವೇಶನ್ ನಾನೇ ಮಾಡಿಸುತ್ತೇನೆ ಎಂದೆ. ಔದಾರ್ಯವಲ್ಲ ಅದು, ಟಿಕೆಟ್ ತೆಗೆಯಲು ಹೆಸರು, ವಯಸ್ಸು ಕೊಡಲೇಬೇಕು, ತಲೆ ತಾನಾಗಿ ಎಣಿಕೆಯಾಗುತ್ತದೆ. ನಿಮ್ಮಲ್ಲೂ ದೂರದ ಬೀಗರಿದ್ದರೆ ನೆನಪಿರಲಿ: ಮೊದಲು 120 ದಿನ ಮುಂಚೆಯೇ ಬುಕ್ ಮಾಡಬಹುದಿತ್ತು, 2024ರ ನವೆಂಬರ್‌ನಿಂದ ಅದು 60 ದಿನವಾಗಿದೆ, ಮದುವೆ ಕಾಲದಲ್ಲಿ ತೆರೆದ ದಿನವೇ ತೆಗೆದುಬಿಡಬೇಕು. ಇಷ್ಟನ್ನು ವಿವರಿಸಿದ ಮೇಲೆ ಬೀಗರು, ‘ಬ್ಯಾಡ್ರಿ, ನಾವು ಬಸ್ ಮಾಡೇವಿ’ ಎಂದರು.

‘ಎಷ್ಟು ಸೀಟಿನ ಬಸ್ಸು?’

‘ದೊಡ್ಡದ ಅದ ಬಿಡ್ರಿ.’

ಎರಡು ಬಂದವು.

ಚಿನ್ನ ಮತ್ತು ಸೀರೆಯ ವಿಷಯ ಬೇಗ ಮುಗಿಸುತ್ತೇನೆ, ತಾಯಿ ಮಗಳು ನನ್ನನ್ನು ಒಳಗೆ ಬಿಟ್ಟದ್ದೇ ಬಿಲ್ ಕೊಡುವಾಗ. ಚಿನ್ನದ ಮೇಲೆ 22ಕೆ916 ಮುದ್ರೆಯೂ ಆರು ಅಕ್ಷರದ ಎಚ್‌ಯುಐಡಿ ಸಂಖ್ಯೆಯೂ ಇರಲೇಬೇಕು. ಮಜೂರಿ, ವೇಸ್ಟೇಜ್ ಬಗ್ಗೆ ಚೌಕಾಸಿ ಮಾಡಬಹುದು, ಮೂರು ಪರ್ಸೆಂಟ್ ಜಿಎಸ್‌ಟಿಯ ಬಗ್ಗೆ ಆಗದು. ಮೈಸೂರು ರೇಷ್ಮೆ ಸೀರೆಗೆ ಬೆಳಗಿನ ಸಾಲಿನಲ್ಲಿ ಯಾರೋ ಜಾಗ ಹಿಡಿಯಬೇಕಿತ್ತು. ಆ ಕೆಲಸಕ್ಕೆ ಬೇಕಾದ ಅರ್ಹತೆ ಮನೆಯಲ್ಲಿ ನನ್ನೊಬ್ಬನಿಗೇ ಇತ್ತು. ಬಾಗಿಲು ತೆಗೆದ ಕೂಡಲೇ ಹೆಂಡತಿ ಮಗಳು ಆಟೋದಲ್ಲಿ ಬಂದು ನನ್ನ ಜಾಗದಲ್ಲಿ ನಿಂತರು, ನಾನು ಮನೆಗೆ ಹೋಗಿ ಕುಕ್ಕರ್ ಇಟ್ಟೆ. ಯಾರ್‍ಯಾರಿಗೆ ಉಡುಗೊರೆ ಸೀರೆ ಕೊಡಬೇಕೆಂಬ ಪಟ್ಟಿ ಮಾತ್ರ ಒಂದೇ ರಾತ್ರಿಯಲ್ಲಿ ತಯಾರಾಯಿತು, ಅದರಲ್ಲಿ ಅಂಕಿಯೂ ಇತ್ತು, ಆ ಅಂಕಿ ನನಗೆ ಬೇಕಾಗಿರಲಿಲ್ಲ.

ಈಗ ಅಡುಗೆ. ಮದುವೆ ಅಡುಗೆಗೆ ಎರಡು ಪದ್ಧತಿ. ಸಾಮಾನು ನಮ್ಮದು, ಕೂಲಿ ಅವರದು ಎಂಬುದು ಹಳೆಯದು: ಭಟ್ಟರು ಪಟ್ಟಿ ಬರೆದುಕೊಡುತ್ತಾರೆ, ನೀವು ಮಂಡಿಯಿಂದ ತಂದು ಹಾಕುತ್ತೀರಿ, ಮದುವೆಯಾದ ಮೇಲೆ ಮೂರು ತಿಂಗಳು ಮಿಕ್ಕ ಉದ್ದಿನಬೇಳೆ ತಿನ್ನುತ್ತೀರಿ. ಇನ್ನೊಂದು ಎಲೆ ಲೆಕ್ಕ: ತಿಂಡಿಗಿಷ್ಟು, ಊಟದ ಎಲೆಗಿಷ್ಟು, ಆರತಕ್ಷತೆಯ ಎಲೆಗಿಷ್ಟು. ಬಿದ್ದ ಎಲೆಗೆ ದುಡ್ಡು. ಇದರಲ್ಲಿ ನೆಮ್ಮದಿಯಿದೆ, ಆದರೆ ಎಲೆ ಎಣಿಸುವವರು ಬೇಕು. ಹೇಳಿದ ಸಂಖ್ಯೆಗಿಂತ ಜನ ಕಡಿಮೆ ಬಂದರೂ ಇಷ್ಟು ಎಲೆಯ ದುಡ್ಡು ಕೊಡಲೇಬೇಕೆಂಬ ಕನಿಷ್ಠ ಸಂಖ್ಯೆಯೊಂದನ್ನು ಕಾಂಟ್ರಾಕ್ಟರು ಬರೆಸಿಕೊಳ್ಳುತ್ತಾರೆ. ಅದನ್ನು ಧೈರ್ಯವಾಗಿ ಕಡಿಮೆ ಹೇಳಿ. ಜಾಸ್ತಿ ಬಂದರೆ ಅವರು ಅನ್ನ ಇಡುತ್ತಾರೆ, ಸಾರಿಗೆ ನೀರು ಬೆರೆಸುತ್ತಾರೆ, ಹೇಗೋ ಆಗುತ್ತದೆ. ಕಡಿಮೆ ಬಂದರೆ ನೀವು ಬಾರದವರಿಗೆ ಊಟ ಹಾಕಿದಂತಾಗುತ್ತದೆ. 2012ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಛತ್ರಗಳನ್ನು ಸಮೀಕ್ಷೆ ಮಾಡಿ, ಆ ಒಂದು ಊರಿನ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತದೆ ಎಂದು ಲೆಕ್ಕ ಕೊಟ್ಟಿದ್ದರು. ನಾನು ಈ ಅಂಕಿಯನ್ನು ಮನೆಯಲ್ಲಿ ಓದಿ ಹೇಳಿದೆ. ‘ಅಬ್ಬ’ ಎಂದಳು ನನ್ನಾಕೆ. ‘ಚಿರೋಟಿ ಜೊತೆ ಲಾಡೂನೂ ಹಾಕ್ಸೋಣ ಅಲ್ವಾ?’

ಮೆನು ಮಾತುಕತೆಗೆ ಬೀಗರೂ ಬಂದಿದ್ದರು. ನಮ್ಮ ಕಡೆಯ ಕೋಸಂಬರಿ, ಗೊಜ್ಜು, ತೊವ್ವೆ, ಹುಳಿ, ಮಜ್ಜಿಗೆಹುಳಿಗೆ ಅವರ ಆಕ್ಷೇಪವಿರಲಿಲ್ಲ. ತಿಂಡಿಗೆ ಶಿರಾ ಉಪ್ಪಿಟ್ಟು, ವರಪೂಜೆಯ ರಾತ್ರಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇದ್ದರೆ ತಮ್ಮ ಮಂದಿಗೆ ಹಿತ ಎಂದರು. ಕಾಂಟ್ರಾಕ್ಟರು ಮಾದರಿಗೆಂದು ತಂದಿದ್ದ ಹುಳಿಯನ್ನು ಬೀಗಿತ್ತಿ ರುಚಿ ನೋಡಿ, ಯಾರಿಗೂ ನೋವಾಗದಂತೆ, ‘ಇದರಾಗ ಬೆಲ್ಲ ಬಿದ್ದದ ಅನಸ್ತದ’ ಎಂದರು.

‘ಬಿದ್ದಿಲ್ಲಮ್ಮ, ಹಾಕಿದೀವಿ’ ಎಂದರು ಕಾಂಟ್ರಾಕ್ಟರು.

ರೊಟ್ಟಿ ಬಡಿಯುವ ಇಬ್ಬರನ್ನು ಬೀಗರೇ ಬಸ್ಸಿನಲ್ಲಿ ಕರೆತರುವುದೆಂದು ತೀರ್ಮಾನವಾಯಿತು. ಆ ಇಬ್ಬರು ಮನಿ ಮಂದಿಯಲ್ಲಿ ಸೇರಿದ್ದಾರೋ ಇಲ್ಲವೋ ಎಂದು ಕೇಳಲು ಬಾಯಿ ತೆರೆದೆ, ಮಗಳು ಮೇಜಿನ ಕೆಳಗೆ ಕಾಲು ತುಳಿದಳು.

ಮದುವೆಯ ದಿನ ನನಗೆ ಹಂಚಿದ ಕೆಲಸ ಬಾಗಿಲಲ್ಲಿ ನಿಂತು ‘ಬನ್ನಿ ಬನ್ನಿ, ತಿಂಡಿ ಮಾಡಿ’ ಎನ್ನುವುದು. ಜವಾಬ್ದಾರಿಯಿಲ್ಲದ ಹುದ್ದೆ, ಮೈಸೂರು ಪೇಟ ಮಾತ್ರ ದೊಡ್ಡದು. ಅಂಕಿಯನ್ನು ಯಾರೂ ಕೊಡದಿದ್ದರೆ ನಾನೇ ಹಿಡಿಯುತ್ತೇನೆಂದು ಗ್ರಂದಿಗೆ ಅಂಗಡಿಯಿಂದ ಬೆರಳಿಗೆ ಹಾಕಿಕೊಳ್ಳುವ ಜಪದ ಕೌಂಟರ್ ತಂದಿಟ್ಟುಕೊಂಡಿದ್ದೆ. ಒಬ್ಬರು ಒಳಗೆ ಬಂದರೆ ಹೆಬ್ಬೆರಳಿನಿಂದ ಒಂದು ಸಲ ಒತ್ತಿದರಾಯಿತು. ಕೈ ಮುಗಿಯುವುದು, ಒತ್ತುವುದು. ಕೈ ಮುಗಿಯುವುದು, ಒತ್ತುವುದು. ಗಂಡ ಹೆಂಡತಿ ಬಂದರೆ ಎರಡು ಸಲ. ಸ್ವಲ್ಪ ಹೊತ್ತಿಗೆ ಛತ್ರದೊಳಗೆ ಸುದ್ದಿ ಹಬ್ಬಿತು. ‘ನೋಡಿ, ಮಗಳ ಮದುವೆ ಗಡಿಬಿಡೀಲೂ ಗಾಯತ್ರಿ ಬಿಟ್ಟಿಲ್ಲ’ ಎಂದು ದೊಡ್ಡಮ್ಮ ಬೀಗಿತ್ತಿಗೆ ಹೇಳುತ್ತಿದ್ದುದು ನನ್ನ ಕಿವಿಗೇ ಬಿತ್ತು. ಬೀಗರ ಕಡೆಯ ಹಿರಿಯರೊಬ್ಬರು ಬಂದು ದಿನಕ್ಕೆ ಎಷ್ಟು ಸಾವಿರ ಆಗುತ್ತದೆ ಎಂದು ಕೇಳಿದರು. ‘ಇವತ್ತು ಸಾವಿರದೊಳಗೇ ಮುಗಿಯಲಿ ಅಂತ ಪ್ರಾರ್ಥನೆ’ ಎಂದೆ. ಅವರಿಗೆ ನನ್ನ ವಿನಯ ಬಹಳ ಹಿಡಿಸಿತು.

ಈ ವ್ಯವಸ್ಥೆಯಲ್ಲಿ ಒಂದು ತೊಡಕಿದೆ. ಬೀಡಿ ಸಿಗರೇಟಿಗೆಂದು ಹೊರಗೆ ಹೋಗಿ ಮತ್ತೆ ಒಳಬರುವವರು ಎರಡಾಗುತ್ತಾರೆ. ಹಿತ್ತಲ ಬಾಗಿಲಿನಿಂದ ಸೀದಾ ಊಟದ ಹಾಲಿಗೆ ಹೋಗುವವರು ಲೆಕ್ಕಕ್ಕೇ ಸಿಗುವುದಿಲ್ಲ. ಒಂದನ್ನು ಇನ್ನೊಂದು ಸರಿದೂಗಿಸುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೆ ಹೇಳಿದ ಎಷ್ಟು ಕ್ಯಾಷಿಯರುಗಳಿಗೆ ನಾನು ಮೆಮೊ ಕೊಟ್ಟಿರಲಿಲ್ಲ!

ಧಾರೆಗೆ ಕರೆದಾಗ ಉಂಗುರ ತೆಗೆಯಲು ಮರೆತು ಹೋದೆ. ಮಗಳ ಕೈ ನನ್ನ ಕೈಯಲ್ಲಿತ್ತು, ನನ್ನಾಕೆ ಕಲಶದಿಂದ ನೀರು ಎರೆಯುತ್ತಿದ್ದಳು. ಗಂಟಲು ಕಟ್ಟಿದಂತಾಯಿತು, ಬೆರಳು ತಾನಾಗಿ ಒತ್ತುತ್ತಲೇ ಇತ್ತು. ‘ಅಪ್ಪ, ಟಿಕ್ ಟಿಕ್ ನಿಲ್ಸು’ ಎಂದಳು ಮಗಳು, ಕಣ್ಣೀರಿನ ನಡುವೆಯೇ ಹಲ್ಲು ಕಚ್ಚಿ.

ಎಲ್ಲ ಶಾಸ್ತ್ರಗಳಲ್ಲಿ ನನಗೆ ಸಂಪೂರ್ಣ ತೃಪ್ತಿ ಕೊಟ್ಟದ್ದು ಸಪ್ತಪದಿ. ಅಲ್ಲಿ ಸಂಖ್ಯೆ ನಿಗದಿಯಾಗಿದೆ. 1955ರ ಹಿಂದೂ ವಿವಾಹ ಕಾಯ್ದೆಯ ಏಳನೇ ಕಲಂ ಕೂಡ ಅದನ್ನು ಒಪ್ಪಿಕೊಂಡು, ಸಪ್ತಪದಿ ಇರುವ ಪದ್ಧತಿಯಲ್ಲಿ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ಣ ಎನ್ನುತ್ತದೆ. ನಮ್ಮ ಜೋಡಿ ನಾಲ್ಕನೇ ಹೆಜ್ಜೆಯಲ್ಲಿದ್ದಾಗ ಫೋಟೊಗ್ರಾಫರ್, ‘ಸಾರ್, ಬೆಳಕು ಬಿದ್ದಿಲ್ಲ, ಹಿಂದಕ್ಕೆ ಬಂದು ಇನ್ನೊಂದ್ಸಲ’ ಎಂದ. ಎರಡು ಹೆಜ್ಜೆ ಹಿಂದಕ್ಕೆ ಹೋದರು, ಮತ್ತೆ ಮುಂದಕ್ಕೆ ಬಂದರು. ಹಿಂದಿಟ್ಟ ಹೆಜ್ಜೆಯನ್ನು ಕಳೆಯಬೇಕೋ ಕೂಡಬೇಕೋ ಎಂದು ನಾನು ಪುರೋಹಿತರನ್ನು ಕೇಳಿದೆ. ಅವರು ಅಕ್ಷತೆ ತೆಗೆದು ನನ್ನ ಕೈಗೆ ಕೊಟ್ಟು, ‘ಯಜಮಾನರು ಸ್ವಲ್ಪ ಆ ಕಡೆ’ ಎಂದರು. ಕಾನೂನಿನ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ: ನೋಂದಣಿಯನ್ನು ಮುಂದೆ ಹಾಕಬೇಡಿ. ಈಗ ಕಾವೇರಿ-2.0 ತಂತ್ರಾಂಶದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಲಗ್ನಪತ್ರಿಕೆಯ ನಾಲ್ಕು ಪ್ರತಿ, ಮದುವೆಯ ಒಂದೆರಡು ಫೋಟೊ ಎತ್ತಿಟ್ಟಿರಿ. ಪತ್ರಿಕೆಯಲ್ಲಿ ಹೆಸರಿನ ಕಾಗುಣಿತ ಆಧಾರಿನಲ್ಲಿರುವಂತೆಯೇ ಇರಲಿ. ಮುದ್ದಿನ ಹೆಸರನ್ನು ಚಿ॥ ಸೌ॥ ಮುಂದೆ ಹಾಕಿಸಿದವರು ಆಮೇಲೆ ಅಫಿಡವಿಟ್ ಮಾಡಿಸಿಕೊಂಡು ಓಡಾಡುವುದನ್ನು ನೋಡಿದ್ದೇನೆ.

ಮುಯ್ಯಿಯ ಮೇಜಿಗೆ ಚುರುಕಾದ ಹುಡುಗರಿಬ್ಬರು ಸಾಕು, ಒಬ್ಬ ಬರೆಯಲಿ, ಇನ್ನೊಬ್ಬ ಕವರಿನ ಮೇಲೆ ಹೆಸರು ಇದೆಯೇ ನೋಡಲಿ. ಹೆಸರಿಲ್ಲದ ಕವರು ಮುಂದಿನ ಇಪ್ಪತ್ತು ವರ್ಷ ಮನೆಯ ಶಾಂತಿ ಕೆಡಿಸುತ್ತದೆ. ಮದುವೆಯ ಸಂದರ್ಭದಲ್ಲಿ ಬಂದ ಉಡುಗೊರೆಗೆ ಆದಾಯ ತೆರಿಗೆಯಿಲ್ಲ. ಆದರೆ ಆ ವಿನಾಯಿತಿ ಮದುಮಕ್ಕಳಿಗೆ ಮಾತ್ರ, ಅಪ್ಪನಿಗಲ್ಲ. ಕಾನೂನಿಗೂ ನಮ್ಮ ಸ್ಥಾನ ಗೊತ್ತಿದೆ. ಅಡುಗೆಯವರಿಗೆ ಛತ್ರದವರಿಗೆ ಕೊಡುವುದನ್ನೆಲ್ಲ ಚೆಕ್ಕಿನಲ್ಲೋ ಯುಪಿಐನಲ್ಲೋ ಕೊಡಿ. ಒಂದೇ ಸಮಾರಂಭದ ಬಾಬ್ತು ಎರಡು ಲಕ್ಷ ಅಥವಾ ಮೇಲ್ಪಟ್ಟು ನಗದು ಪಡೆಯುವಂತಿಲ್ಲ ಎಂಬ ನಿಯಮ 2017ರಿಂದ ಇದೆ.

ಸಂಜೆ ನಾಲ್ಕರ ಹೊತ್ತಿಗೆ ಲೆಕ್ಕ ಚುಕ್ತಾ ಮಾಡಲು ಕೂತೆವು. ಮಧ್ಯಾಹ್ನದ ಊಟಕ್ಕೆ 910 ಎಲೆ ಎಂದರು ಕಾಂಟ್ರಾಕ್ಟರು. ಎಲೆಯ ಕಟ್ಟು ಬಿಚ್ಚುವ ಜಾಗದಲ್ಲಿ ಕಾವಲಿಗೆ ಕೂರಿಸಿದ್ದ ಷಡ್ಡಕ 845 ಎಂದ. ಹರಿದ ಎಲೆ ತೆಗೆದು ಬೇರೆ ಹಾಕಿದ್ದು ಯಾರ ಲೆಕ್ಕ ಎಂಬ ಬಗ್ಗೆ ಇಬ್ಬರೂ ದನಿ ಏರಿಸಿದರು. ಷಡ್ಡಕ ನಡುವೆ ಎದ್ದು ಊಟಕ್ಕೆ ಕೂತಿದ್ದ, ಆಗ ಎಣಿಸಿದವರ್‍ಯಾರು ಎಂಬ ಪ್ರಶ್ನೆಯೂ ಬಂತು. ನಾನು ಗಂಭೀರವಾಗಿ ಬೆರಳು ಮುಂದೆ ಚಾಚಿ ಕೌಂಟರ್ ತೋರಿಸಿದೆ. ಅದರಲ್ಲಿ 1,386 ಇತ್ತು. ಲಾಜಾಹೋಮದ ಮಂತ್ರಗಳೂ ಸೇರಿದ್ದವೆಂದು ಕಾಣುತ್ತದೆ. ಕಾಂಟ್ರಾಕ್ಟರು ಸಂತೋಷದಿಂದ ಒಪ್ಪಲು ತಯಾರಾದರು.

ಅಷ್ಟರಲ್ಲಿ ನನ್ನಾಕೆ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಂದಳು. ಜಗಳ ಏನೆಂದು ಕೇಳಿದಳು. ಹೋಗಿ ತಾಂಬೂಲದ ಕೋಣೆಯ ಬಾಗಿಲು ತೆಗೆದು ಇಣುಕಿ ಬಂದಳು. ‘ಚೀಲ ಒಂಬೈನೂರು ಹೊಲಿಸಿದ್ದು, ಎಪ್ಪತ್ತು ಮಿಕ್ಕಿದೆ. ಬಸ್ಸಿನವರಿಗೆ ಕೆಲವರಿಗೆ ಎರಡೆರಡು ಹೋಗಿದೆ, ಆ ಮೂವತ್ತು ಕಳೀರಿ. ಚೀಲ ಕೊಡದ ಮಕ್ಕಳು, ಓಲಗದವರು, ಡ್ರೈವರುಗಳು ಎಪ್ಪತ್ತು ಕೂಡಿ. ಎಂಟುನೂರ ಎಪ್ಪತ್ತು.’

‘ಅಮ್ಮ ಹೇಳಿದ್ರೆ ಸರಿ’ ಎಂದು ಕಾಂಟ್ರಾಕ್ಟರು ಬಿಲ್ ಬರೆದೇಬಿಟ್ಟರು. ಷಡ್ಡಕನೂ ತಲೆಯಾಡಿಸಿದ. ನಾನು ಉಂಗುರ ಕಳಚಿ ಜೇಬಿಗೆ ಹಾಕಿಕೊಂಡು ಸಹಿ ಮಾಡಿದೆ.

ಮಿಕ್ಕ ಎಪ್ಪತ್ತು ತೆಂಗಿನಕಾಯಿ ಮನೆಗೆ ಬಂದವು. ಕಾಯಿ ಹೋಳಿಗೆ, ಕಾಯಿ ಚಟ್ನಿ, ಕೊಬ್ಬರಿ ಮಿಠಾಯಿ ಎಲ್ಲ ಆಗಿಯೂ ಮೂಟೆ ಇಳಿಯಲಿಲ್ಲ. ಕೊನೆಗೆ ನನ್ನಾಕೆ, ಪಟ್ಟಿಯಲ್ಲಿ ಬಿಟ್ಟುಹೋದವರು, ಪತ್ರಿಕೆ ತಲುಪದವರು, ಮುನಿಸಿಕೊಂಡವರು ಎಂದು ಹೆಸರು ಬರೆದು, ಮನೆಗೊಂದು ಕಾಯಿ, ಎರಡು ಲಾಡು ಕೊಟ್ಟು ಬನ್ನಿ ಎಂದು ಸ್ಕೂಟರಿನ ಮೇಲೆ ಚೀಲ ಇಟ್ಟಳು. ಬಾಗಿಲು ತೆರೆದವರೆಲ್ಲ ಒಂದೇ ದನಿಯಲ್ಲಿ ‘ಓ, ಮದುವೆ ಆಯ್ತಾ?’ ಎಂದರು. ನಮ್ಮ ಹಳೆಯ ಬೀದಿಯ ಮೇಷ್ಟ್ರು ಮಾತ್ರ ಏನೂ ಅನ್ನಲಿಲ್ಲ. ಕಾಯಿ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರು.

‘ನೀರು ಕಮ್ಮಿ ಇದೆ’ ಎಂದು, ಇನ್ನೊಂದು ಕಾಯಿಗಾಗಿ ಚೀಲದೊಳಗೆ ಕೈ ಹಾಕಿದರು.